ಡಿಕ್ಕಿ ಬೀಗ

ಸೂಗಪ್ಪನ ಮಗಳ ಮದುವೆಗೂ ಕಾಲುವೆ ಆಫೀಸಿನ ಅಂಬಾಸಿಡರ್ ಕಾರಿನ ಡಿಕ್ಕಿಗೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲ. ಇರಬಾರದಿತ್ತು ಕೂಡ. ಆದರೆ ಆ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಸೂಗಪ್ಪ ಡಿಕ್ಕಿಗೆ ಕೀಲಿಕೈ ಹಾಕಿ ತಿರುವಿದಾಗ ಅದು ತಿರುಗಲಿಲ್ಲ. ಎಡಕ್ಕೆ ತಿರುವಿದ, ಬಲಕ್ಕೆ ತಿರುವಿದ, ಅಂಗೈಯಿಂದ ಗುದ್ದಿದ, ಮೊಣಕಾಲು ಕೊಟ್ಟು ಒತ್ತಿದ. ಎಂಟು ವರ್ಷ ಕಾಲುವೆ ದಂಡೆಯ ಧೂಳು ತಿಂದಿದ್ದ ಆ ಕೀಲಿ ಅಂದು ಸಾಕೆಂದು ಹಲ್ಲು ಕಚ್ಚಿ ಕುಳಿತುಬಿಟ್ಟಿತ್ತು.

ಸೂಗಪ್ಪ ಶಹಾಪುರದ ಆಚೆಗಿದ್ದ ಕಾಲುವೆ ಕ್ಯಾಂಪಿನಲ್ಲಿ ಡ್ರೈವರ್. ಕಾಲುವೆಯಿಂದ ಊರೂರಿಗೆ ನೀರು ಬಂದಿತ್ತೋ ಇಲ್ಲವೋ, ಕ್ಯಾಂಪಿಗಂತೂ ಕ್ವಾರ್ಟರ್ಸು ಬಂದಿದ್ದವು, ಕಾರು ಬಂದಿತ್ತು, ಕಾರಿಗೊಬ್ಬ ಸಾಹೇಬರು ಬಂದಿದ್ದರು, ಸಾಹೇಬರಿಗೊಬ್ಬ ಸೂಗಪ್ಪ ಬಂದಿದ್ದ. ಹಿಂದಿನ ದಿನ ಸಾಹೇಬರನ್ನು ಯಾದಗಿರಿಯ ಮೀಟಿಂಗಿಗೆ ಬಿಟ್ಟವನೇ ಅವನು ಬಜಾರಕ್ಕೆ ಹೋಗಿ, ಒಂದು ರೇಷ್ಮೆ ಸೀರೆ, ಒಂದು ಜೋಡಿ ಧೋತರ, ಒಂದು ಜರಿ ರುಮಾಲು, ಐದು ಕಿಲೋ ಸಕ್ಕರೆ ತಂದು ಡಿಕ್ಕಿಗೆ ಹಾಕಿಕೊಂಡಿದ್ದ. ಕಾರಿನ ಬಾಗಿಲ ಮೇಲೆ ‘ಸರಕಾರಿ ಕೆಲಸಕ್ಕೆ ಮಾತ್ರ’ ಎಂದು ಬರೆದಿತ್ತು. ಡಿಕ್ಕಿಯ ಮೇಲೆ ಏನೂ ಬರೆದಿರಲಿಲ್ಲ. ಕ್ಯಾಂಪಿಗೆ ಬಂದ ಕೂಡಲೇ ಇಳಿಸಿಕೊಳ್ಳಬೇಕೆಂದರೆ ಸಾಹೇಬರು ವರಾಂಡ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ನೋಡಿದರಾಯಿತೆಂದು ಸೂಗಪ್ಪ ಮನೆಗೆ ಹೋಗಿ ಮಲಗಿದ್ದ.

ಆ ಸೀರೆ, ಧೋತರ, ಸಕ್ಕರೆ ಎಲ್ಲ ಅವತ್ತಿನ ಸಂಜೆಗೆ ಬೇಕಾದವು. ಸುರಪುರದ ಕಬ್ಬಿಣ ಸಾಮಾನಿನ ವ್ಯಾಪಾರಿ ಸಂಗಣ್ಣ ತನ್ನ ಹೆಂಡತಿಯನ್ನು ಕರೆದುಕೊಂಡು, ಸೂಗಪ್ಪನ ಮಗಳು ಚಂದಮ್ಮನನ್ನು ತನ್ನ ಮಗನಿಗೆ ಗೊತ್ತುಮಾಡಲು ಬರುವವನಿದ್ದ. ಎರಡೂ ಕಡೆಯವರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆ ಮಾತು ಮುಗಿದ ಹಾಗೆ. ಚಂದಮ್ಮನಿಗೆ ಇದು ಮೂರನೆಯ ಸಂಬಂಧ. ಮೊದಲನೆಯದು ಹುಡುಗಿಯ ಎತ್ತರ ಹೆಚ್ಚಾಯಿತೆಂದು ಮುರಿದಿತ್ತು, ಎರಡನೆಯದು ಹುಡುಗಿಯ ಅಪ್ಪನ ಅಂತಸ್ತು ಕಡಿಮೆಯಾಯಿತೆಂದು. ಈ ಹುಡುಗ ಬಳಿಚಕ್ರದ ಶಾಲೆಯಲ್ಲಿ ಮಾಸ್ತರ. ನೋಡಿ ಹೋದ ದಿನ ಚಂದಮ್ಮ ಅವ್ವನ ಹತ್ತಿರ ‘ಆಗಲಿ’ ಎಂದಿದ್ದಳು. ಆ ಒಂದು ಮಾತು ಕೇಳಿ ಸೂಗಪ್ಪನಿಗೆ ಎಂಟು ದಿನ ನೆಲದ ಮೇಲೆ ಕಾಲು ನಿಂತಿರಲಿಲ್ಲ.

ಇನ್ನು ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಯಾದಗಿರಿ, ಶಹಾಪುರ, ಸುರಪುರದ ಮಂದಿ ಬಾಗಿಲಿಗೆ ಹಾಕುವುದಕ್ಕೆ ಕೀಲಿ ಎನ್ನುತ್ತಾರೆ, ಅದನ್ನು ತೆಗೆಯುವುದಕ್ಕೆ ಕೀಲಿಕೈ. ಬೀಗ ಎಂದರೆ ಇವರಿಗೆ ಮಗನ ಮಾವನೋ ಮಗಳ ಮಾವನೋ, ಅಂದರೆ ಎರಡು ಕಾಲಿನ ಮನುಷ್ಯ. ಮಂಡ್ಯದ ಕಡೆಯಿಂದ ಬಂದ ಇಂಜಿನಿಯರ್ ಸಾಹೇಬರಿಗೆ ಮಾತ್ರ ಬಾಗಿಲಿಗೆ ಹಾಕುವುದೂ ಬೀಗವೇ. ಎರಡು ವರ್ಷ ಅವರ ಗಾಡಿ ಓಡಿಸಿದ ಸೂಗಪ್ಪ ಅವರ ಭಾಷೆಯನ್ನು ಕಾರಿನ ಗೇರಿನ ಹಾಗೆ ರೂಢಿ ಮಾಡಿಕೊಂಡಿದ್ದ. ಅದು ಎಲ್ಲರಿಗೂ ರೂಢಿಯಾಗಿರುತ್ತದೆ ಎಂದು ತಿಳಿದದ್ದೇ ಅವನ ತಪ್ಪು.

ಒಂಬತ್ತು ಗಂಟೆಯಷ್ಟೊತ್ತಿಗೆ ಡಿಕ್ಕಿಯ ಸುತ್ತ ಕ್ಯಾಂಪಿನ ಅರ್ಧ ಮಂದಿ ಸೇರಿದ್ದರು. ಸರಕಾರಿ ಆಫೀಸಿನಲ್ಲಿ ಕೆಲಸ ನಿಂತಾಗ ಬಾರದ ಮಂದಿ ಗಾಡಿ ನಿಂತಾಗ ಬರುತ್ತಾರೆ. ಜವಾನ ಅಂಬ್ರಪ್ಪ ಕ್ಯಾಂಟೀನಿನಿಂದ ಶೇಂಗಾ ಎಣ್ಣೆ ತಂದು ಕಿಂಡಿಯ ತುಂಬ ಸುರಿದ. ಎಣ್ಣೆ ಒಳಗೆ ಹೋಗದೆ ಬಂಪರಿನ ಮೇಲೆ ಹರಿಯಿತು. ಪಕ್ಕದ ಕ್ವಾರ್ಟರ್ಸಿನ ಅನ್ವರಬಿ, ತನ್ನ ತವರಿನಲ್ಲಿ ಎಂಥೆಂಥ ಪೆಟಾರಿಯನ್ನೂ ತಲೆಪಿನ್ನಿನಿಂದ ತೆಗೆದವಳು ತಾನು ಎನ್ನುತ್ತ ಪಿನ್ನು ಹಾಕಿ ತಿರುವಿದಳು. ಅರ್ಧ ಪಿನ್ನು ಅವಳ ಕೈಯಲ್ಲಿ ಉಳಿಯಿತು, ಅರ್ಧ ಒಳಗೆ ಉಳಿಯಿತು. ಇಷ್ಟು ಹೊತ್ತು ಕೀಲಿಕೈಯಾದರೂ ಒಳಗೆ ಹೋಗುತ್ತಿತ್ತು. ಈಗ ಅದೂ ಇಲ್ಲದಾಯಿತು.

ಸೂಗಪ್ಪ ಸಿಟ್ಟಿನಿಂದ ಸುತ್ತಿಗೆ ಎತ್ತಿದ. ಗುಮಾಸ್ತ ನಾಗಣ್ಣ ಅಡ್ಡ ಬಂದು ನಿಂತ. ನಾಗಣ್ಣ ಕಾಯಿದೆಯ ಮನುಷ್ಯ. ತನ್ನ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಬಾಯಿಯಲ್ಲಿ ಹೇಳದೆ ಚೀಟಿ ಬರೆದಿಡುತ್ತಾನೆ ಎಂದು ಕ್ಯಾಂಪಿನಲ್ಲಿ ಸುದ್ದಿ. ಸರಕಾರಿ ಆಸ್ತಿಯನ್ನು ಬಾಯಿಮಾತಿನ ಮೇಲೆ ಒಡೆಯುವಂತಿಲ್ಲ, ಲಿಖಿತ ಆದೇಶ ಬೇಕು ಎಂದ. ಒಳಗೆ ಏನಿದೆ, ಯಾಕಿಷ್ಟು ಅವಸರ ಎಂದೂ ಕೇಳಿದ. ಸ್ಟೆಪ್ನಿ ಅದ ಎಂದ ಸೂಗಪ್ಪ. ಅದು ಸುಳ್ಳಲ್ಲ, ಸ್ಟೆಪ್ನಿಯೂ ಇತ್ತು.

ಗದ್ದಲ ಕೇಳಿ ಸಾಹೇಬರೇ ಹೊರಗೆ ಬಂದರು. ಅವರು ಒಳ್ಳೆಯ ಮನುಷ್ಯ. ಯಾರಾದರೂ ತೊಂದರೆಯಲ್ಲಿದ್ದರೆ ಸುಮ್ಮನಿರಲು ಅವರಿಗೆ ಆಗುತ್ತಿರಲಿಲ್ಲ, ಅದೇ ಅವರಲ್ಲಿದ್ದ ದೋಷ. ಜೇಬಿನಿಂದ ಪೆನ್ನು ತೆಗೆದು, ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಶಹಾಪುರ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಖಾಸಿಂ ಮಿಸ್ತ್ರಿಗೆ ಒಂದು ಚೀಟಿ ಬರೆದರು:

‘ಮಿಸ್ತ್ರಿಯವರಿಗೆ. ಡಿಕ್ಕಿ ಬೀಗ ಬೆಳಗಿನಿಂದ ತುಂಬಾ ತೊಂದರೆ. ಎಣ್ಣೆ ಹಾಕಿಸಿದರೂ ಬಗ್ಗುತ್ತಿಲ್ಲ. ಸೂಗಪ್ಪನಿಗೆ ಸಾಕಾಗಿ ಹೋಗಿದೆ. ಕೂಡಲೇ ಬಂದು ಬಡಿದು ಕಿತ್ತುಹಾಕಿ. ಹೊಸ ಬೀಗ ನೋಡೋಣ. ಖರ್ಚು ಆಫೀಸಿನದು.’

ಕೆಳಗೆ ರುಜು ಹಾಕಿ ಅಂಬ್ರಪ್ಪನ ಕೈಗೆ ಕೊಟ್ಟರು. ಅಂಬ್ರಪ್ಪ ಸೈಕಲ್ ಹತ್ತಿ ಹೋದ. ಸೂಗಪ್ಪ ಸಾಹೇಬರಿಗೆ ಕೈಮುಗಿದ. ಆ ಚೀಟಿ ತನ್ನ ಕೊರಳಿಗೆ ಹಗ್ಗವಾಗುತ್ತದೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಅಂಬ್ರಪ್ಪ ಮರಳಿ ಬಂದಾಗ ಮಧ್ಯಾಹ್ನ ಒಂದಾಗಿತ್ತು. ಮಿಸ್ತ್ರಿ ಜೊತೆಗಿರಲಿಲ್ಲ. ಚೀಟಿಯನ್ನು ಮಿಸ್ತ್ರಿಯ ಕೈಯಲ್ಲಿಟ್ಟು ತಾನು ತಂಬಾಕು ತರಲು ಹೋಗಿದ್ದಾಗಿಯೂ, ಬಂದು ನೋಡಿದರೆ ಮಿಸ್ತ್ರಿ ಶೆಡ್ಡು ಮುಚ್ಚುತ್ತಿದ್ದನೆಂದೂ ಹೇಳಿದ. ಯಾಕೆ ಬರುವುದಿಲ್ಲವಂತೆ ಎಂದರೆ ಅಂಬ್ರಪ್ಪ ತಲೆ ಕೆರೆದುಕೊಂಡ.

‘ನಾವು ಗಾಡಿ ಬಡಿಯಾವ್ರು, ಮನಷ್ಯಾರ್ನ ಬಡಿಯಾವ್ರಲ್ಲ, ಪೊಲೀಸ್ ಕೇಸ್ ಆಗ್ತದ ಅಂದಾನ್ರಿ.’

ಸೂಗಪ್ಪನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದುಕೊಳ್ಳುತ್ತ ಕೂರಲು ಹೊತ್ತೂ ಇರಲಿಲ್ಲ. ಎರಡು ಗಂಟೆಗೆ ಸುರಪುರದ ಬಸ್ಸಿನಿಂದ ಶಹಾಪುರದಲ್ಲಿ ಇಳಿಯುವ ಬೀಗರಿಗೆ ಕಾರು ತರುತ್ತೇನೆಂದು ಅವನು ದೊಡ್ಡ ಬಾಯಿ ಮಾಡಿ ಹೇಳಿಬಿಟ್ಟಿದ್ದ. ಸಾಹೇಬರು ಊಟ ಮುಗಿಸಿ ಅಡ್ಡಾಗುತ್ತಲೇ, ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇನೆಂದು ಹೇಳಿ, ಎಣ್ಣೆ ಸುರಿಯುವ ಡಿಕ್ಕಿಯನ್ನು ಹಿಂದೆ ಹೊತ್ತುಕೊಂಡು ಹೊರಟ.

ಸಂಗಣ್ಣ ಅವಸರದ ಮನುಷ್ಯ. ಎರಡಕ್ಕೆ ಬರುತ್ತೇನೆಂದವನು ಹನ್ನೊಂದಕ್ಕೇ ಶಹಾಪುರದಲ್ಲಿ ಇಳಿದಿದ್ದ. ಇಳಿದವನು ಹೆಂಡತಿ ಅಯ್ಯಮ್ಮನೊಂದಿಗೆ ಚಾದಂಗಡಿಯ ಮುಂದೆ ಕುಳಿತ. ಆ ಚಾದಂಗಡಿಯ ಮಗ್ಗುಲಲ್ಲೇ ಖಾಸಿಂ ಮಿಸ್ತ್ರಿಯ ಶೆಡ್ಡು. ಮಿಸ್ತ್ರಿಗೆ ಉರ್ದು ಬರುತ್ತಿತ್ತು, ಕನ್ನಡ ಓದಲು ಬರುತ್ತಿರಲಿಲ್ಲ. ಚೀಟಿ ಹಿಡಿದು ಅತ್ತಿತ್ತ ನೋಡಿದವನಿಗೆ ಕಂಡದ್ದು ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಬಿಳಿ ಪಟಗ ಸುತ್ತಿಕೊಂಡು ಕುಳಿತಿದ್ದ ಸಂಗಣ್ಣ. ಕಾಲುವೆ ಆಫೀಸಿನದು, ಸ್ವಲ್ಪ ಓದಿ ಹೇಳ್ರಿ ಯಜಮಾನ್ರ ಎಂದು ಕೊಟ್ಟ. ಸಂಗಣ್ಣ ಕನ್ನಡಕ ಏರಿಸಿ, ಒಂದೊಂದು ಅಕ್ಷರ ಕೂಡಿಸಿ, ಇಡೀ ಚಾದಂಗಡಿಗೆ ಕೇಳುವ ಹಾಗೆ ಓದಿದ. ಮಿಸ್ತ್ರಿ ಗಾಬರಿಬಿದ್ದು ಶೆಡ್ಡು ಮುಚ್ಚಿದ. ಸಂಗಣ್ಣ ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಸೂಗಪ್ಪ ಬರಲಿ ಎಂದು ಕಾಯುತ್ತ ಕುಳಿತ.

ಸಂಗಣ್ಣನ ವಿಷಯದಲ್ಲಿ ಯಾರೂ ಆಡಬಾರದ ಮಾತು ಒಂದೇ ಒಂದು, ಅವನ ಗಾತ್ರ. ಮುಂದಿನಿಂದ ನೋಡಿದರೂ ಹಿಂದಿನಿಂದ ನೋಡಿದರೂ ಅವನದು ಒಂದೇ ಅಳತೆ. ಒಮ್ಮೆ ಸುರಪುರದ ದರ್ಜಿಯೊಬ್ಬ ಅಂಗಿಯ ಅಳತೆ ತೆಗೆಯುತ್ತ ನಕ್ಕನೆಂದು ಅವನ ಅಂಗಡಿಗೆ ಹೋಗುವುದನ್ನೇ ಬಿಟ್ಟವನು.

ಕಾರಿನಿಂದ ಇಳಿದು ‘ಶರಣ್ರಿ ಬೀಗರ’ ಎಂದ ಸೂಗಪ್ಪನ ಮುಖಕ್ಕೆ ಸಂಗಣ್ಣ ಚೀಟಿ ಹಿಡಿದ.

‘ಇದರಾಗ ಡಿಕ್ಕಿ ಬೀಗ ಅಂದ್ರ ಯಾರು?’

ಸೂಗಪ್ಪ ಚೀಟಿ ನೋಡಿದ. ಬೆಳಿಗ್ಗೆ ಎಷ್ಟು ಚಂದ ಕಂಡಿದ್ದ ಅಕ್ಷರಗಳು ಈಗ ಒಂದೊಂದೂ ಎದ್ದು ನಿಂತು ಬೇರೆ ಮಾತು ಹೇಳತೊಡಗಿದವು.

‘ನಾ ಲಿಂಗ ಕಟ್ಟಿದಂವ, ಕುಡಿಯಾಂವಲ್ಲ. ನನಗ ಎಣ್ಣಿ ಯಾವಾಗ ಹಾಕಿಸೀದಿ? ಬಡದು ಕಿತ್ತುಹಾಕು ಅನ್ನುವಂಥಾದ್ದು ನಾ ಏನ ಮಾಡೀ‌ನಿ ನಿನಗ? ಅದಕ್ಕ ಖರ್ಚು ಬ್ಯಾರೆ ಆಫೀಸಿಂದು.’

ಅದು ನಮ್ಮ ಸಾಹೇಬರ ಭಾಷೆ, ಅವರ ಕಡೆ ಕೀಲಿಗೆ ಬೀಗ ಅನ್ನುತ್ತಾರೆ ಎಂದು ಸೂಗಪ್ಪ ಹೇಳಿದ. ಹಾಗಾದರೆ ಬೀಗರಿಗೆ ಏನು ಅನ್ನುತ್ತಾರೆ ಎಂದು ಸಂಗಣ್ಣ ಕೇಳಿದ. ಅವರಿಗೂ ಬೀಗರು ಅಂತಲೇ ಅನ್ನುತ್ತಾರೆ ಎಂದ ಸೂಗಪ್ಪ.

‘ಎರಡಕ್ಕೂ ಒಂದ ಶಬ್ದ ಇಟ್ಕೊಂಡು ಅವರು ಸಂಸಾರ ಹ್ಯಾಂಗ ಮಾಡ್ತಾರ?’ ಎಂದು ಸಂಗಣ್ಣ ಕೇಳಿದ.

ಸಂಗಣ್ಣ ಸುರಪುರದ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸತೊಡಗಿದ. ಸೂಗಪ್ಪ ನಾಚಿಕೆ ಬಿಟ್ಟು ಕೈ ಹಿಡಿದುಕೊಂಡ. ಒಂದು ಸಲ ಆಫೀಸಿಗೆ ಬಂದು ಕಣ್ಣಾರೆ ನೋಡಿರಿ, ನಾನು ಹೇಳಿದ್ದು ಸುಳ್ಳಾಗಿದ್ದರೆ ನಾನೇ ಬಸ್ ಹತ್ತಿಸುತ್ತೇನೆ ಎಂದ. ಮನೆಯಲ್ಲಿ ಹುಡುಗಿ ಕಾಯಾಕತ್ತಾಳ್ರಿ ಎಂದು ಗೋಗರೆದ. ಅಯ್ಯಮ್ಮ ಗಂಡನ ಕಡೆ ನೋಡಿದಳು. ಅವಳಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು. ಮೇಲಾಗಿ ಡಿಕ್ಕಿ ಬೀಗ ಎಂಬ ಹೆಸರು ಗಂಡನಿಗೆ ಅಷ್ಟೇನೂ ಒಪ್ಪುವುದಿಲ್ಲ ಎಂದು ಅವಳಿಗೆ ಅನ್ನಿಸಿರಲೂ ಇಲ್ಲ. ಹೋಗಿ ನೋಡೋಣ ನಡೀರಿ ಎಂದಳು.

ಆಫೀಸಿನಲ್ಲಿ ಸಾಹೇಬರು ಇನ್ನೂ ಎದ್ದಿರಲಿಲ್ಲ. ಆಫೀಸಿನಲ್ಲಿ ಕೀಲಿಗೆ ಬೀಗ ಅನ್ನುವುದು ಖರೆಯೆಂದು ಹೇಳಪಾ ಎಂದು ಸೂಗಪ್ಪ ನಾಗಣ್ಣನ ಕಾಲು ಹಿಡಿಯುವುದೊಂದು ಬಾಕಿ. ನಾಗಣ್ಣ ಬಾಯಿಯಲ್ಲಿ ಏನೂ ಹೇಳಲಿಲ್ಲ, ಬಾಯಿಮಾತು ದಾಖಲೆಯಲ್ಲವಲ್ಲ. ದಾಸ್ತಾನು ಪುಸ್ತಕ ತೆಗೆದು ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟ. ‘ತೂಬಿನ ಗೇಟಿಗೆ ಬೀಗ, ಕಬ್ಬಿಣದ್ದು, ದೊಡ್ಡ ಗಾತ್ರ, ನಲವತ್ತೆಂಟು ನಗ. ಪೂರೈಸಿದವರು: ಸಂಗಣ್ಣ, ಸುರಪುರ.’ ಮಗ್ಗುಲಿನ ಷರಾದಲ್ಲಿ, ‘ಇವುಗಳಲ್ಲಿ ನಲವತ್ತೊಂದು ಬೀಗಗಳನ್ನು ಮೇಲ್ಭಾಗದ ರೈತರು ಒಡೆದಿದ್ದಾರೆ. ಮೂರು ಕಾಲುವೆಗೆ ಬಿದ್ದಿವೆ. ನಾಲ್ಕು ತುಕ್ಕು ಹಿಡಿದಿವೆ.’

ಸಂಗಣ್ಣ ಎರಡು ಸಲ ಓದಿದ. ಅವು ಅವನೇ ಹೋದ ವರ್ಷ ಮಾರಿದ ಕೀಲಿಗಳು. ಬಿಲ್ಲಿನಲ್ಲಿ ಅವನು ಕೀಲಿ ಎಂದೇ ಬರೆದಿದ್ದ, ಆಫೀಸಿಗೆ ಬಂದ ಮೇಲೆ ಬೀಗಗಳಾಗಿದ್ದವು. ನಲವತ್ತೊಂದು ಮಂದಿ ಬೀಗರನ್ನು ರೈತರು ಒಡೆದಿದ್ದರೆ ಇಷ್ಟೊತ್ತಿಗೆ ಯಾದಗಿರಿಯ ತನಕ ಸುದ್ದಿಯಾಗುತ್ತಿತ್ತು. ಮೊದಲು ಅವನ ಮೀಸೆ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಅವನು ಕುಳಿತಿದ್ದ ಕುರ್ಚಿ.

‘ಮೂವತ್ತು ವರ್ಷ ಬೀಗ ಮಾರೀನಿ ನೋಡಪಾ ಸೂಗಪ್ಪ, ನನಗ ಗೊತ್ತ ಇದ್ದಿದ್ದಿಲ್ಲ’ ಎಂದು ಕಣ್ಣೊರೆಸಿಕೊಂಡ.

ಸೂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಸಂಗಣ್ಣನ ಸಿಟ್ಟು ಇಳಿದ ಕೂಡಲೇ ಅವನೊಳಗಿನ ವ್ಯಾಪಾರಿ ಎದ್ದ. ಒಡೆದ ಆ ನಲವತ್ತೊಂದರ ಜಾಗಕ್ಕೆ ಹೊಸವು ಬೇಕಾಗುತ್ತವಲ್ಲವೇ ಎಂದು ನಾಗಣ್ಣನನ್ನು ಕೇಳಿದ. ಬೇಕು, ಆದರೆ ಅದು ಸಾಹೇಬರ ಕೈಯಲ್ಲಿದೆ ಎಂದ ನಾಗಣ್ಣ. ಆ ಕ್ಷಣದಿಂದ ಸಂಗಣ್ಣ ಕೀಲಿ ಎಂಬ ಶಬ್ದವನ್ನು ಬಾಯಿಂದ ಬಿಟ್ಟೇಬಿಟ್ಟ. ಸಾಹೇಬರ ಎದುರು ಅವರ ಭಾಷೆಯಲ್ಲೇ ಮಾತಾಡಿದರೆ ಆರ್ಡರ್ ತನಗೇ ಬರುತ್ತದೆ ಎಂದು ಅವನ ಲೆಕ್ಕ. ಅಂಗಳದಲ್ಲಿ ನಡೆದು ಹೋಗುವಾಗ ಕಂಡಕಂಡ ಬಾಗಿಲಿಗೆಲ್ಲ ‘ಬೀಗ ಚಲೋ ಅದ’, ‘ಬೀಗ ಸಣ್ಣದಾತು’ ಎಂದು ರೂಢಿ ಮಾಡಿಕೊಂಡ.

ಡಿಕ್ಕಿಯನ್ನೂ ಅವನೇ ತೆಗೆದ. ಒಡೆಯಲು ಲಿಖಿತ ಆದೇಶ ಎಲ್ಲಿ ಎಂದು ನಾಗಣ್ಣ ಮತ್ತೆ ಅಡ್ಡ ಬಂದಾಗ ಸಂಗಣ್ಣ ಜೇಬಿನಿಂದ ಅದೇ ಚೀಟಿ ತೆಗೆದು ತೋರಿಸಿದ. ‘ಬಡಿದು ಕಿತ್ತುಹಾಕಿ’ ಎಂದು ಸಾಹೇಬರ ರುಜುವಿನ ಸಮೇತ ಇತ್ತು. ಉಳಿ ಇಟ್ಟು ನಾಲ್ಕು ಏಟು ಹಾಕಿದ. ಕೀಲಿ ಕಿತ್ತು ಕೈಗೆ ಬಂತು, ಡಿಕ್ಕಿ ಬಾಯಿ ತೆರೆಯಿತು. ಒಳಗೆ ಸೀರೆ, ಧೋತರ, ರುಮಾಲು, ಸಕ್ಕರೆ ಎಲ್ಲ ಸುರಕ್ಷಿತ. ನಾಗಣ್ಣ ಅವುಗಳನ್ನು ನೋಡಿ, ಇದರಾಗ ಸ್ಟೆಪ್ನಿ ಯಾವುದು ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಾಹೇಬರಿಗೆ ವರದಿ ಒಪ್ಪಿಸಲು ಹೋದ.

ಸಾಹೇಬರು ವರದಿ ಕೇಳಿ ಸಿಟ್ಟಾಗಲಿಲ್ಲ, ನೊಂದುಕೊಂಡರು. ತಾವು ಬರೆದ ಒಂದು ಶಬ್ದದಿಂದ ಒಬ್ಬ ಹುಡುಗಿಯ ಮದುವೆ ತಪ್ಪುತ್ತಿತ್ತಲ್ಲ ಎಂದು ಅವರಿಗೆ ಸಂಕಟವಾಯಿತು. ಹಾಗಾದರೆ ಇಲ್ಲಿ ಹೇಗೆ ಹೇಳಬೇಕು ಎಂದು ಕೇಳಿದರು. ಬಾಗಿಲಿಗೆ ಹಾಕುವುದು ಕೀಲಿ, ಬೀಗ ಅಂದರೆ ಸಂಬಂಧ ಮಾಡಿದವರು ಮಾತ್ರ ಎಂದು ನಾಗಣ್ಣ ತಿಳಿಸಿದ. ಸಾಹೇಬರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ಸಂಜೆ ತಾವೇ ಸೂಗಪ್ಪನ ಮನೆಗೆ ಹೋಗಿ, ಈ ಕಡೆಯ ಮಾತಿನಲ್ಲೇ ಬೀಗರನ್ನು ನಾಲ್ಕು ಮಾತಾಡಿಸಿ ಬರುತ್ತೇನೆಂದು ನಿಶ್ಚಯ ಮಾಡಿದರು.

ಐದು ಗಂಟೆಗೆ ಸೂಗಪ್ಪನ ಕ್ವಾರ್ಟರ್ಸಿನ ಸಣ್ಣ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಸಂಗಣ್ಣ ಜರಿ ರುಮಾಲು ಸುತ್ತಿಸಿಕೊಂಡು ಕುಳಿತಿದ್ದ. ಪರದೆಯ ಆಚೆ ಅಡಿಗೆಮನೆಯಲ್ಲಿ ಸೂಗಪ್ಪನ ಹೆಂಡತಿ ಹಂಪಮ್ಮ ತಾಟಿನಲ್ಲಿ ಸಕ್ಕರೆ ತುಂಬುತ್ತಿದ್ದಳು. ಅಯ್ಯಮ್ಮ ಚಂದಮ್ಮನ ಉಡಿ ತುಂಬಲು ಕುಂಕುಮ ಕಲಸುತ್ತಿದ್ದಳು, ಅನ್ವರಬಿ ಹೂವು ಕಟ್ಟುತ್ತಿದ್ದಳು. ಹಂಪಮ್ಮನ ಕಾಲು ಅವತ್ತು ನೆಲಕ್ಕೆ ತಾಗುತ್ತಿರಲಿಲ್ಲ. ಎಂಟು ವರ್ಷದ ಕೆಳಗೆ ಸೂಗಪ್ಪ ತುಂಬ ಕುಡಿಯುತ್ತಿದ್ದ. ಅವಳು ಮಗಳನ್ನು ಕರೆದುಕೊಂಡು ಕಾಲುವೆ ದಂಡೆಯ ಮೇಲೆ ಹೋಗಿ ಕುಳಿತ ದಿನ ಅವಳ ತಲೆ ಮುಟ್ಟಿ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಆ ಮಾತು ಸುರಪುರದ ತನಕ ಹೋಗದಿರಲಿ ಎಂದು ಅವಳು ದಿನಾ ಬೇಡಿಕೊಳ್ಳುತ್ತಿದ್ದಳು.

ಆಗ ಸಾಹೇಬರು ಬಂದರು. ಎಲ್ಲರೂ ಎದ್ದು ನಿಂತರು. ಡ್ರೈವರ್ ಮನೆಗೆ ಸಾಹೇಬರು ಬಂದದ್ದಕ್ಕೆ ಸೂಗಪ್ಪನ ಎದೆ ತುಂಬಿ ಬಂತು. ನೀರು ತರಲು ಬಾಗಿಲ ತನಕ ಹೋದ. ಸಾಹೇಬರು ಸಂಗಣ್ಣನ ಮಗ್ಗುಲಲ್ಲಿ ಕುಳಿತು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತನ್ನು ನಗುತ್ತ ಕೇಳಿದರು:

‘ಹೇಗನ್ನಿಸ್ತು ನಿಮಗೆ ನಮ್ಮ ಆಫೀಸಿನ ಬೀಗ?’

ಸಾಹೇಬರು ತಾವಾಗಿಯೇ ವ್ಯಾಪಾರದ ಮಾತು ತೆಗೆದದ್ದು ನೋಡಿ ಸಂಗಣ್ಣ ನೆಟ್ಟಗೆ ಕುಳಿತ. ಡಿಕ್ಕಿಯಿಂದ ಕಿತ್ತ ಆ ಮುರುಕು ಸಾಮಾನು ಅವನ ಕಣ್ಣ ಮುಂದೆ ಬಂತು.

‘ಖರೇ ಹೇಳ್ತೀನ್ರಿ ಸಾಹೇಬ್ರ, ಮನಸಿಗೆ ಹಚ್ಕೋಬಾರ್ದು. ಇಂಥಾ ಬೀಗ ನಾ ಮೂವತ್ತು ವರ್ಷದಾಗ ನೋಡಿಲ್ಲ. ಹೊರಗ ನೋಡಾಕ ಥಳಥಳ, ಒಳಗ ಬರೇ ತುಕ್ಕು.’

ಸಾಹೇಬರ ನಗು ಅಲ್ಲೇ ನಿಂತಿತು. ಪರದೆಯ ಆಚೆ ತಾಟಿನ ಸದ್ದೂ ನಿಂತಿತು.

‘ಎಣ್ಣಿ ಒಳಗ ಇಳೀಲಿಲ್ಲ ಅಂದ್ರ ತಿರಗಂಗಿಲ್ಲ. ಬಡೀದ ಹೊರತು ಬಾಯಿ ಬಿಡಂಗಿಲ್ಲ. ಇಂಥಾ ಬೀಗ ಇಟ್ಕೊಂಡ್ರ ಮರ್ಯಾದಿ ಉಳಿಯಂಗಿಲ್ರಿ.’

ಸೂಗಪ್ಪ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎದುರುಬದುರು ಬರುವ ಎರಡು ಲಾರಿಗಳು ನಡುವೆ ನಿಂತವನಿಗೆ ಮಾತ್ರ ಕಾಣುವ ಹಾಗೆ ಅವನಿಗೆ ಎಲ್ಲ ಕಂಡಿತು. ಸಾಹೇಬರು ಈ ಕಡೆಯ ಭಾಷೆಗೆ ಬಂದು ತನ್ನನ್ನು ಬೀಗ ಎಂದಿದ್ದರು, ಸಂಗಣ್ಣ ಆ ಕಡೆಯ ಭಾಷೆಗೆ ಹೋಗಿ ಕೀಲಿಯನ್ನು ಬೀಗ ಎಂದಿದ್ದ. ಕೈ ಎತ್ತಿ ಇಬ್ಬರನ್ನೂ ತಡೆಯಬೇಕೆಂದ, ಬಾಯಿಂದ ದನಿ ಹೊರಡಲಿಲ್ಲ.

‘ಹಾಗಾದರೆ ಏನು ಮಾಡೋದು ಅಂತೀರಿ?’ ಎಂದು ಸಾಹೇಬರು ಕಳೆಗುಂದಿದ ದನಿಯಲ್ಲಿ ಕೇಳಿದರು.

‘ಕಿತ್ತು ಒಗದು ಬ್ಯಾರೆ ನೋಡೋದ ಚಲೋ. ನನಗ ಬಿಡ್ರಿ, ಒಂದಲ್ಲ ನಲವತ್ತೊಂದು ತಂದು ನಿಮ್ಮ ಮುಂದ ಇಡ್ತೀನಿ.’

ಡಿಕ್ಕಿ ತಪ್ಪಲಿಲ್ಲ. ಪರದೆ ಸರಿಯಿತು. ಹಂಪಮ್ಮ ಸಕ್ಕರೆಯ ತಾಟು ಹಿಡಿದು ಹೊರಗೆ ಬಂದು, ಅದನ್ನು ಸಂಗಣ್ಣನ ಮುಂದೆ ಇಡದೆ ಗೂಡಿನಲ್ಲಿ ಇಟ್ಟಳು.

‘ಏಳ್ರಿ’ ಎಂದಳು. ‘ನನ್ನ ಗಂಡ ಎಣ್ಣಿ ಬಿಟ್ಟು ಎಂಟು ವರ್ಷ ಆತು. ನಿಮಗ ಯಾರು ಹೇಳ್ಯಾರೋ ನಾ ಕೇಳಂಗಿಲ್ಲ. ಆದ್ರ ಆತನ ಮನಿಯಾಗ ಕುಂತು, ಆತ ಕೊಟ್ಟ ರುಮಾಲು ಸುತ್ಕೊಂಡು ಇಂಥಾ ಮಾತಾಡಿದವರ ಮನಿಗೆ ನನ್ನ ಮಗಳ್ನ ಕೊಡಂಗಿಲ್ಲ.’

ಸಂಗಣ್ಣ ಬೆಪ್ಪಾದ. ನಾ ಹೇಳಿದ್ದು ಕೀಲಿ ಬಗ್ಗೆ ಎಂದ. ಸೂಗಪ್ಪನಿಗೂ ಈಗ ದನಿ ಬಂತು. ಹೌದು, ಅವರು ಹೇಳಿದ್ದು ಕೀಲಿಗೇ, ಮಧ್ಯಾಹ್ನದ ಚೀಟಿಯ ಹಾಗೇ ಇದೂ ಎಂದು ಹೆಂಡತಿಗೆ ಕೈಮುಗಿದು ಹೇಳಿದ. ಹಂಪಮ್ಮ ಗಂಡನನ್ನು ಕನಿಕರದಿಂದ ನೋಡಿದಳು. ಮಾನ ಹೋದರೂ ಮಗಳ ಸಂಬಂಧ ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾನೆಂದೇ ಅವಳು ತಿಳಿದಳು.

‘ಸಾಹೇಬ್ರು ಕೀಲಿಗೆ ಬೀಗ ಅಂತಾರ, ಅವರು ಮಂಡ್ಯದವ್ರು, ಒಪ್ಪೋಣು. ಇವರು ಸುರಪುರದವ್ರು. ಹುಟ್ಟಿದಾಗಿಂದ ಕೀಲಿ ಮಾರಿದವ್ರು. ಇವರು ಯಾಕ ಅಂತಾರ?’

ಇದಕ್ಕೆ ಉತ್ತರ ಹೇಳಬೇಕಾದರೆ ಕೀಲಿಯ ಆರ್ಡರಿನ ಆಸೆಯನ್ನು ಸಾಹೇಬರ ಎದುರೇ ಹೇಳಬೇಕು. ಸಂಗಣ್ಣ ಸಾಹೇಬರ ಮುಖ ನೋಡಿದ, ಸುಮ್ಮನಾದ. ಆ ಸುಮ್ಮನಿರುವಿಕೆಯೇ ಹಂಪಮ್ಮನಿಗೆ ಸಾಕಾಯಿತು. ಆದರೂ ನ್ಯಾಯ ನ್ಯಾಯವೇ ಎಂದು ಅವಳು ಸಾಹೇಬರ ಕಡೆ ತಿರುಗಿದಳು. ನೀವು ದೊಡ್ಡವರು, ಸುಳ್ಳು ಹೇಳುವವರಲ್ಲ, ನೀವು ಕೇಳಿದ್ದು ಕೀಲಿಯ ಮಾತೋ ಬೀಗರ ಮಾತೋ ಎಂದು ಕೇಳಿದಳು.

ಸೂಗಪ್ಪ ಸಾಹೇಬರ ಹಿಂದೆ ನಿಂತು ಎರಡೂ ಕೈ ಆಡಿಸಿದ. ಸಾಹೇಬರಿಗೆ ಕಾಣಲಿಲ್ಲ. ಕಂಡಿದ್ದರೂ ಅವರು ಸುಳ್ಳು ಹೇಳುತ್ತಿರಲಿಲ್ಲ. ಮಧ್ಯಾಹ್ನವಷ್ಟೇ ಕಲಿತ ಪಾಠವನ್ನು ಅವರು ತಪ್ಪಿಲ್ಲದೆ ಒಪ್ಪಿಸಿದರು.

‘ಇಲ್ಲಮ್ಮ, ಕೀಲಿ ವಿಷಯ ನಾನು ಎತ್ತಲೇ ಇಲ್ಲ. ಬೀಗರ ವಿಷಯವೇ ಕೇಳಿದ್ದು.’

ಮುಗಿಯಿತು. ಅನ್ವರಬಿ ಪರದೆಯ ಆಚೆಯಿಂದಲೇ, ತಾನೂ ಎರಡೂ ಕಿವಿಯಿಂದ ಕೇಳಿದ್ದಾಗಿ ಸಾಕ್ಷಿ ಹೇಳಿದಳು. ಅಯ್ಯಮ್ಮ ಕಲಸಿದ ಕುಂಕುಮವನ್ನು ಬಿಟ್ಟು ಅಳುತ್ತ ಎದ್ದಳು. ಚಂದಮ್ಮ ಒಳಗೆ ಹೊಸ ಸೀರೆಯಲ್ಲಿ ಗೋಡೆಗೆ ಆತು ನಿಂತಿದ್ದಳು, ಯಾರ ಕಡೆಯೂ ನೋಡಲಿಲ್ಲ. ಸೂಗಪ್ಪ ಅವಳ ಮುಖ ಕಂಡು ಕಣ್ಣು ತಗ್ಗಿಸಿದ. ಮಧ್ಯಾಹ್ನದಿಂದ ಯಾರ ಸಿಟ್ಟು ಇಳಿಸಲು ಕಾಲಿಗೆ ಬಿದ್ದಿದ್ದನೋ ಅವರು ಒಪ್ಪಿದ್ದರು. ತನ್ನ ಮನೆಯವಳೇ ತನ್ನ ಮರ್ಯಾದೆಗಾಗಿ ಬೇಡವೆಂದಿದ್ದಳು. ಅವಳನ್ನು ಬೈಯುವುದಕ್ಕೂ ಅವನಿಗೆ ಮನಸ್ಸಾಗಲಿಲ್ಲ.

ಬೀಗರಾಗದೆ ಉಳಿದವರನ್ನು ಬಸ್ ಸ್ಟ್ಯಾಂಡಿಗೆ ಬಿಡುವ ಕೆಲಸವೂ ಅವನದೇ ಆಯಿತು. ಡಿಕ್ಕಿಯ ಬಾಗಿಲು ನಿಲ್ಲದೆ ಬಡಿದುಕೊಳ್ಳುತ್ತಿದ್ದುದರಿಂದ ತೆಂಗಿನ ನಾರಿನ ಕಾಥಿಹಗ್ಗದಿಂದ ಕಟ್ಟಿದ್ದ. ಇಳಿಯುವಾಗ ಸಂಗಣ್ಣ ರುಮಾಲು ಬಿಚ್ಚಿ, ಮಡಚಿ, ಸೀಟಿನ ಮೇಲಿಟ್ಟ.

‘ನಾ ಕೀಲಿ ಬಗ್ಗೀನ ಹೇಳಿದ್ದೆ, ಸೂಗಪ್ಪ.’

‘ನನಗ ಗೊತ್ತದ್ರಿ.’

‘ನಿನಗ ಗೊತ್ತಾಗಿ ಏನ ಮಾಡಾದದ’ ಎಂದು ಸಂಗಣ್ಣ ಬಸ್ಸಿನ ಕಡೆ ನಡೆದ.

ಆಮೇಲೆ ಎರಡು ತಿಂಗಳು ಹಂಪಮ್ಮನಿಗೆ ಅವನು ದಿನಕ್ಕೊಂದು ಸಲ ತಿಳಿಸಿ ಹೇಳಿದ. ದಿನಕ್ಕೊಂದು ಸಲ ಅವಳು, ಹಾಗಾದರೆ ಸಾಹೇಬರು ಸುಳ್ಳು ಹೇಳಿದರೇನು ಎಂದು ಕೇಳಿದಳು. ಕಾರಿನ ಡಿಕ್ಕಿಯ ಕಾಥಿಹಗ್ಗ ಎರಡು ಸಲ ಹರಿದು ಮೂರನೆಯದು ಬಂತು. ಬಳಿಚಕ್ರದ ಮಾಸ್ತರನಿಗೆ ಬೇರೆ ಕಡೆ ಹುಡುಗಿ ನೋಡುತ್ತಿದ್ದಾರೆ ಎಂಬ ಸುದ್ದಿಯೂ ಬಂತು.

ಮೂರನೆಯ ತಿಂಗಳು, ಡಿಕ್ಕಿಯ ಸಲುವಾಗಿ ನಾಗಣ್ಣ ಬರೆದುಕೊಂಡಿದ್ದಕ್ಕೆ ಮೇಲಿನ ಆಫೀಸಿನಿಂದ ಒಂದು ಕಾಗದ ಬಂತು. ನಾಗಣ್ಣ ಅದನ್ನು ನೋಂದಣಿ ಪುಸ್ತಕದಲ್ಲಿ ಏರಿಸಿ, ಸೂಗಪ್ಪನ ರುಜು ತೆಗೆದುಕೊಂಡು ಕೈಗೆ ಕೊಟ್ಟ. ಸೂಗಪ್ಪ ಮನೆಗೆ ತಂದ. ಹಂಪಮ್ಮನಿಗೆ ಓದಲು ಬರುತ್ತಿರಲಿಲ್ಲ. ಏನದು ಎಂದು ಕೇಳಿದಳು. ಚಂದಮ್ಮ ತೆಗೆದುಕೊಂಡು ಓದಿದಳು:

‘ವಿಷಯ: ಚಾಲಕ ಸೂಗಪ್ಪ ಇವರಿಗೆ ಹೊಸ ಬೀಗ ಒದಗಿಸುವ ಬಗ್ಗೆ. ಹಳೆಯ ಬೀಗವು ದುರಸ್ತಿಗೆ ಬಾರದ ಸ್ಥಿತಿಯಲ್ಲಿರುವುದಾಗಿ ತಿಳಿದುಬಂದಿದ್ದು, ಸದರಿಯವರು ಕನಿಷ್ಠ ಮೂರು ಕಡೆ ವಿಚಾರಿಸಿ, ಎಲ್ಲಕ್ಕಿಂತ ಕಡಿಮೆ ಕೇಳಿದವರನ್ನು ಆಯ್ಕೆ ಮಾಡತಕ್ಕದ್ದು.’

ಓದುತ್ತ ಓದುತ್ತ ಚಂದಮ್ಮನ ತುಟಿ ಅದುರಿತು. ನಗುವೋ ಅಳುವೋ ಸೂಗಪ್ಪನಿಗೆ ತಿಳಿಯಲಿಲ್ಲ. ಹಂಪಮ್ಮ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಆ ಕಾಗದಕ್ಕೆ ತಲೆದೂಗಿದಳು.

‘ನೋಡ್ರಿ, ಸರಕಾರಕ್ಕ ತಿಳೀತು, ನಿಮಗ ತಿಳೀಲಿಲ್ಲ. ನಾಳೆ ಸೈದಾಪುರದ ಕಡಿ ಹೋಗಿ ವಿಚಾರಿಸ್ಕೊಂಡ ಬರ್ರಿ.’